ನಾನ್‌ಪ್ಲಸ್ಡ್ ಅಂದ್ರೆ ತಬ್ಬಿಬ್ಬೋ, ನಿಶ್ಚಿಂತೆಯೋ?

ಬೆರಗಾದೆ ಅಂತ ಹೇಳೋಕೆ ಇಂಗ್ಲಿಷಿನಲ್ಲಿ ಪದಗಳಿಗೇನು ಬರವಿಲ್ಲ. ಆಸ್ಟಾನಿಶ್ಡ್ ಇದೆ, ಅಗಾಸ್ಟ್ ಇದೆ, ಬ್ರಿಟಿಷರ ಗಾಬ್‌ಸ್ಮ್ಯಾಕ್ಡ್ ಇದೆ. ಆಫೀಸಿನಲ್ಲಿ ಫಜೀತಿ ತರೋದು ಮಾತ್ರ ನಾನ್‌ಪ್ಲಸ್ಡ್.

ಮೊನ್ನೆ ತಂಗಿಯ ಮಗ ಫೋನ್ ಮಾಡಿದ್ದ. "ದೊಡ್ಡಮ್ಮಾ, ಡೆಲಿವರಿ ತಡ ಆಗಿದ್ದಕ್ಕೆ ಅಮೆರಿಕದ ಕ್ಲೈಂಟ್ ನಾನ್‌ಪ್ಲಸ್ಡ್ ಅಂತೆ. ಬೇಜಾರಾಗಿದಾರಾ, ಪರವಾಗಿಲ್ಲ ಅಂತಿದಾರಾ?" ಟೀಮಿನಲ್ಲಿ ಅರ್ಧ ಜನ ಕ್ಷಮೆ ಕೇಳೋಣ ಅಂತಿದ್ರಂತೆ, ಉಳಿದವರು ವೀಕೆಂಡಿಗೆ ಹೊರಟಿದ್ರಂತೆ.

ಲ್ಯಾಟಿನ್‌ನಲ್ಲಿ ನಾನ್ ಪ್ಲಸ್ ಅಂದ್ರೆ 'ಇನ್ನು ಹೆಚ್ಚಿಲ್ಲ'. ಮುಂದೆ ಹೇಳೋಕೂ ಏನಿಲ್ಲ, ಮಾಡೋಕೂ ಏನಿಲ್ಲ ಅನ್ನೋ ಸ್ಥಿತಿ. 16ನೇ ಶತಮಾನದ ಕೊನೆಯ ಹೊತ್ತಿಗೇ ಇದು ಇಂಗ್ಲಿಷಿಗೆ ಬಂದಾಗಿತ್ತು. ಹಾಗಾಗಿ ಇದು ಬರೀ ಆಶ್ಚರ್ಯ ಅಲ್ಲ. ಹಂಪಿಯ ಕಲ್ಲಿನ ರಥ ನೋಡಿ ನೀವು ಬೆರಗಾಗ್ತೀರಿ, ನಾನ್‌ಪ್ಲಸ್ಡ್ ಆಗಲ್ಲ. ಇಂಟರ್‌ವ್ಯೂನಲ್ಲಿ "ಸಂಬಳ ಎಷ್ಟು ಬೇಕು, ನೀವೇ ಹೇಳಿ" ಅಂದಾಗ ಬಾಯಿ ಕಟ್ಟುತ್ತಲ್ಲ, ಅದು ನಾನ್‌ಪ್ಲಸ್ಡ್. ನಮ್ಮ ತಬ್ಬಿಬ್ಬು, ಕಕ್ಕಾಬಿಕ್ಕಿ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಆದರೆ 20ನೇ ಶತಮಾನದಲ್ಲಿ ಅಮೆರಿಕನ್ನರ ಬಾಯಲ್ಲಿ ಇದಕ್ಕೆ ಉಲ್ಟಾ ಅರ್ಥವೂ ಹುಟ್ಟಿತು: ಏನೂ ಆಗದವರಂತೆ ಆರಾಮಾಗಿರೋದು. 'ನಾನ್' ಅಂದ ಕೂಡಲೇ ಕಿವಿಗೆ ನಾನ್‌ವೆಜ್, ನಾನ್‌ಸ್ಟಾಪ್ ನೆನಪಾಗುತ್ತೆ. 'ಪ್ಲಸ್ಡ್' ಅಂದ್ರೆ ಗಾಬರಿ ಇರಬೇಕು, ಅದಲ್ಲದ್ದು ನಾನ್‌ಪ್ಲಸ್ಡ್ ಅನ್ನೋ ಲೆಕ್ಕ. ಗಾಬರಿ ಅನ್ನೋ ಅರ್ಥದ 'ಪ್ಲಸ್ಡ್' ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ ಬಿಡಿ! ಈಗ ಮೆರಿಯಮ್-ವೆಬ್‌ಸ್ಟರ್ ನಿಘಂಟು ಎರಡೂ ಅರ್ಥ ಕೊಡುತ್ತೆ. ಹೊಸದನ್ನು ತಪ್ಪು ಅನ್ನೋರು ಇನ್ನೂ ಇದ್ದಾರೆ, ನನಗೂ ಹಳೇದೇ ಇಷ್ಟ. ಆದ್ರೆ ದುಡ್ಡು ಕೊಡೋ ಕ್ಲೈಂಟಿಗೆ ನಿಘಂಟು ತೋರಿಸೋಕಾಗುತ್ತಾ?

ಪದ ಬಿಟ್ಟು ಅಕ್ಕಪಕ್ಕದ ಸಾಲು ಓದು ಅಂದೆ. ಮುಂದಿನ ಸಾಲಿನಲ್ಲೇ ಇತ್ತು: ಮೊದಲೇ ಯಾಕೆ ತಿಳಿಸಲಿಲ್ಲ, ಹೊಸ ತಾರೀಖು ಯಾವುದು? ಆರಾಮಾಗಿರೋರು ಹೀಗೆ ಕೇಳಲ್ಲ. ಅವತ್ತೇ ಕಾರಣ, ತಾರೀಖು ಎರಡನ್ನೂ ಬರೆದು ಕಳಿಸಿದ.

ನೀವೇ ಬರೆಯುವಾಗ ಈ ಪದದ ಸಹವಾಸವೇ ಬೇಡ. ಅಪ್ರೈಸಲ್‌ನಲ್ಲಿ "ಕ್ಲೈಂಟ್ ರೇಗಿದರೂ ಈಕೆ ನಾನ್‌ಪ್ಲಸ್ಡ್" ಅಂತ ಹೊಗಳಿದರೆ, ಲಂಡನ್ನಿನ ಮ್ಯಾನೇಜರ್ ಅದನ್ನು 'ಏನು ಮಾಡಬೇಕೋ ತೋಚದೆ ನಿಂತಳು' ಅಂತ ಓದಿಕೊಳ್ಳಬಹುದು. ಪಾಪ, ಇನ್‌ಕ್ರಿಮೆಂಟ್ ಅವಳದು! ಅಲ್ಲಿ 'ಕಾಮ್' ಅಂತಲೋ 'ಅನ್‌ಫೇಜ್ಡ್' ಅಂತಲೋ ಬರೀರಿ.