ಓದಿಗೆ ಅಂತ ಹೇಳಿ ಕೊಂಡ ಕಂಪ್ಯೂಟರು



ನಮ್ಮ ಸಂಘದ ಪತ್ರಿಕೆಯೆಂದರೆ ಕವನ, ಒಂದೆರಡು ಕಥೆ, ಪುಸ್ತಕ ವಿಮರ್ಶೆ, ಕೊನೆಯ ಪುಟದಲ್ಲಿ ಕಾರ್ಯದರ್ಶಿಗಳ ವರದಿ. ಇವುಗಳ ನಡುವೆ ಕಂಪ್ಯೂಟರ್ ಕೊಳ್ಳುವ ಮಾತು ಎಲ್ಲಿಂದ ಬಂತು ಎಂದು ಕೆಲವರು ಹುಬ್ಬೇರಿಸಬಹುದು. ಸಂಪಾದಕರೂ ಏರಿಸಿದರು, ನಾಲ್ಕು ಪುಟಕ್ಕಿಂತ ಒಂದು ಸಾಲೂ ಹೆಚ್ಚು ಕೊಡುವುದಿಲ್ಲ ಎಂದು ಷರತ್ತು ಹಾಕಿ ಒಪ್ಪಿದರು. ಆದರೆ ಜೂನ್ ತಿಂಗಳು ಬಂತೆಂದರೆ ಹೊಸದಾಗಿ ಸಂಘಕ್ಕೆ ಸೇರಿದವರು ನನ್ನನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳುವುದು ಕವನದ ವಿಷಯವನ್ನಲ್ಲ. "ಅಣ್ಣಾ, ಯಾವ ಲ್ಯಾಪ್‌ಟಾಪ್ ತಗೊಳ್ಲಿ? ಓದಿಗೆ ಬೇಕು" ಎಂದು ಶುರುಮಾಡುತ್ತಾರೆ. ಆಮೇಲೆ ಅತ್ತಿತ್ತ ನೋಡಿ, ಸ್ವರ ತಗ್ಗಿಸಿ, "ಸ್ವಲ್ಪ ಗೇಮಿಗೂ ಆಗ್ಬೇಕು" ಎನ್ನುತ್ತಾರೆ. ಆ ತಗ್ಗಿದ ಸ್ವರದ ಬಗ್ಗೆ ನನಗೆ ನಾಲ್ಕು ಮಾತು ಹೇಳಬೇಕಾಗಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹುಡುಗರಿಗೆ ಕಂಪ್ಯೂಟರಿನ ತಿಳಿವಳಿಕೆ ಕಡಿಮೆಯೇನಲ್ಲ; ಯಾವ ಪ್ರೊಸೆಸರ್, ಎಷ್ಟು ಮೆಮೊರಿ ಎಂದು ನಿದ್ದೆಯಲ್ಲೂ ಒಪ್ಪಿಸುತ್ತಾರೆ. ಅಷ್ಟು ತಿಳಿದೂ ತಪ್ಪು ಯಂತ್ರ ಕೊಂಡು ತರುತ್ತಾರೆ. ಕಾರಣ, ಮನೆಯಲ್ಲಿ ಅರ್ಧ ಸತ್ಯ ಹೇಳಿರುತ್ತಾರೆ. ಓದಿಗೆಂದು ಹೇಳಿ ಆಟಕ್ಕೆ ಕೊಳ್ಳಹೊರಟವನಿಗೆ ಓದಿನ ವೇಷ ಹಾಕಿಕೊಂಡ ಆಟದ ಯಂತ್ರವೇ ಬೇಕು. ಅಂಗಡಿಯಲ್ಲಿ ಅದರ ಹೆಸರು ಗೇಮಿಂಗ್ ಲ್ಯಾಪ್‌ಟಾಪ್. ಬ್ಯಾಗಿನಲ್ಲಿ ಹೋಗುತ್ತದೆ, ಆದ್ದರಿಂದ ಓದಿನದು. ಒಳಗೆ ಗ್ರಾಫಿಕ್ಸ್ ಕಾರ್ಡ್ ಉಂಟು, ಆದ್ದರಿಂದ ಆಟದ್ದು. ಮನೆಯವರೂ ಸಂತೋಷ, ಮಗನೂ ಸಂತೋಷ.

ನಾನೂ ಹಾಗೆಯೇ ಕೊಂಡವನು. 2023ರಲ್ಲಿ ಬಿ.ಎಸ್ಸಿ. ಕಂಪ್ಯೂಟರ್ ಸಾಯನ್ಸಿಗೆ ಸೇರಿದೆ. ಅಪ್ಪಯ್ಯ ದಾದರಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಊರಿನ ಮನೆಯ ಮಾಡು ಸೋರುತ್ತಿದೆ, ಈ ಮಳೆಗಾಲ ಕಳೆದ ಮೇಲೆ ರಿಪೇರಿ ಮಾಡಿಸಬೇಕು ಎಂದು ಒಂದು ಚೀಟಿ ಹಾಕಿದ್ದರು. "ಓದಿಗೆ ಬೇಕೇ ಬೇಕು ಅಪ್ಪಯ್ಯ, ಎಲ್ಲರ ಹತ್ರ ಉಂಟು" ಎಂದೆ. ಅವರು ಚೀಟಿಯನ್ನು ಅವಧಿಗೆ ಮುಂಚೆಯೇ ಕೂಗಿ, ಅದರಲ್ಲಿ ನಷ್ಟ ಮಾಡಿಕೊಂಡು, 68,000 ರೂಪಾಯಿ ನನ್ನ ಕೈಗಿಟ್ಟರು. ಮಾಡು ಹಾಗೆಯೇ ಉಳಿಯಿತು.

ಆ ಯಂತ್ರದ ತೂಕ 2.3 ಕಿಲೊ. ಅದರ ಚಾರ್ಜರ್ ಬೇರೆ, ಅದೊಂದು ಇಟ್ಟಿಗೆ, ಅರ್ಧ ಕಿಲೊ. ಬೆಳಿಗ್ಗೆ ಏಳೂವರೆಗೆ ಡೊಂಬಿವಲಿಯಿಂದ ಲೋಕಲ್ ಹತ್ತುವವರಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಗನ್ನು ಎದೆಯ ಮೇಲೆ ಕಟ್ಟಿಕೊಂಡು, ಹಸುಗೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಕುರ್ಲಾ ದಾಟುವುದು! ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಎರಡು ಸುತ್ತು. ಇಷ್ಟು ಹೊತ್ತು ತಂದರೂ ಕ್ಲಾಸಿನಲ್ಲಿ ಎರಡು ಗಂಟೆಗೆ ಬ್ಯಾಟರಿ ಮುಗಿಯುತ್ತಿತ್ತು. ಅರವತ್ತು ಜನಕ್ಕೆ ಪ್ಲಗ್ ಪಾಯಿಂಟ್ ಎರಡೇ. ಲೈಬ್ರರಿಯಲ್ಲಿ ತೆರೆದರೆ ಒಳಗಿನ ಫ್ಯಾನು ಭೋರೆಂದು ಶುರುವಾಗಿ ಗ್ರಂಥಪಾಲಕರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಎರಡನೆಯ ವರ್ಷದ ಹೊತ್ತಿಗೆ ಅದನ್ನು ಕಾಲೇಜಿಗೆ ಒಯ್ಯುವುದನ್ನೇ ಬಿಟ್ಟೆ.

ಮತ್ತು ಓದಿಗೆ ನನಗೆ ನಿಜವಾಗಿ ಬೇಕಾದದ್ದೇನು? ಪೈಥಾನ್, ಸ್ವಲ್ಪ ಜಾವಾ, ಡೇಟಾಬೇಸಿನ ಪ್ರಾಕ್ಟಿಕಲ್, ಪಿಡಿಎಫ್ ಓದುವುದು, ಜರ್ನಲ್ ಟೈಪ್ ಮಾಡುವುದು. ಮೆಷಿನ್ ಲರ್ನಿಂಗ್ ಪೇಪರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ ಎಂದು ಅಪ್ಪಯ್ಯನೆದುರು ಭಾಷಣ ಮಾಡಿದ್ದೆ. ಆ ಪೇಪರು ಬಂದಾಗ ಸರ್ ಎಲ್ಲರಿಗೂ ಗೂಗಲ್ ಕೊಲ್ಯಾಬ್ ತೆರೆಯಲು ಹೇಳಿದರು. ಅದು ಬ್ರೌಸರಿನಲ್ಲಿ ನಡೆಯುವಂಥದು. ಕಾರ್ಡು ಅವರದು, ಅದೂ ಪುಕ್ಕಟೆ. 8 ಜಿಬಿ ಮೆಮೊರಿ ಇದ್ದು, ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇದ್ದ ಯಾವ ಸಾದಾ ಯಂತ್ರದಲ್ಲಾದರೂ ನನ್ನ ಮೂರು ವರ್ಷದ ಓದು ಸಾಗುತ್ತಿತ್ತು. 16 ಇದ್ದರೆ ಧಾರಾಳ.

ಹಾಗಾದರೆ ಆಟವಾದರೂ ಚೆನ್ನಾಗಿತ್ತೇ? ಇಲ್ಲಿ ಒಂದು ಮೋಸ ಉಂಟು, ಹೊಸಬರು ಗಮನಿಸಬೇಕು. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಕಾರ್ಡು ಆರ್‌ಟಿಎಕ್ಸ್ 3050. ನನ್ನ ಗೆಳೆಯನ ಡೆಸ್ಕ್‌ಟಾಪಿನಲ್ಲಿ ಇದ್ದದ್ದೂ ಆರ್‌ಟಿಎಕ್ಸ್ 3050. ಅವನದು 2022ರ ಜನವರಿಯಲ್ಲಿ ಬಂದದ್ದು: 8 ಜಿಬಿ ಮೆಮೊರಿ, 130 ವ್ಯಾಟ್ ಕುಡಿಯುವ ಕಾರ್ಡು. ನನ್ನದರಲ್ಲಿ 4 ಜಿಬಿ. ಲ್ಯಾಪ್‌ಟಾಪ್ ತಯಾರಿಸುವವರು ಅದಕ್ಕೆ 35ರಿಂದ 80 ವ್ಯಾಟಿನವರೆಗೆ ತಮಗೆ ಬೇಕಾದಷ್ಟು ಕೊಡಬಹುದು. ಹೆಸರು ಒಂದೇ, ಆಸಾಮಿ ಬೇರೆ. ಎಷ್ಟು ವ್ಯಾಟ್ ಎಂಬುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ, ಕೇಳಿ ತಿಳಿಯಬೇಕು. ಅಷ್ಟೂ ವ್ಯಾಟು ಬರುವುದು ಪ್ಲಗ್ಗಿಗೆ ಹಾಕಿದಾಗ. ಬ್ಯಾಟರಿಯಲ್ಲಿ ಆಡಿದರೆ ಆಟ ಕುಂಟುತ್ತದೆ. ಅಂದರೆ ಹೊತ್ತು ತಿರುಗಲಿಕ್ಕೆಂದು ಕೊಂಡದ್ದನ್ನು ಕೊನೆಗೆ ಗೋಡೆಯ ಪಕ್ಕ ಕೂತೇ ಆಡಬೇಕು. ಮೇ ತಿಂಗಳ ಸೆಕೆಯಲ್ಲಿ, ಒಂದು ಖೋಲಿ ಒಂದು ಅಡುಗೆಮನೆಯ ಬಿಡಾರದಲ್ಲಿ, ಕೀಲಿಮಣೆ ದೋಸೆಕಲ್ಲಿನ ಹಾಗೆ ಕಾಯುತ್ತಿತ್ತು.

ಇಷ್ಟೇ ಆಗಿದ್ದರೆ ದುಡ್ಡಿನ ಮಾತು ಎಂದು ಬಿಡಬಹುದಿತ್ತು. ನನ್ನನ್ನು ಕೊರೆದದ್ದು ಬೇರೆ. ಹೋಟೆಲು ಮುಚ್ಚಿ, ಲೆಕ್ಕ ಒಪ್ಪಿಸಿ, ಕೊನೆಯ ಲೋಕಲುಗಳಲ್ಲೊಂದನ್ನು ಹಿಡಿದು ಅಪ್ಪಯ್ಯ ಮನೆಗೆ ಬರುವಾಗ ರಾತ್ರಿ ಒಂದು ಗಂಟೆ ದಾಟುತ್ತದೆ. ನಾನು ಮೂಲೆಯಲ್ಲಿ ಬಾಗಿಲಿಗೆ ಎದುರಾಗಿ ಕೂರುತ್ತಿದ್ದೆ, ಕಿವಿಗೆ ಹೆಡ್‌ಫೋನ್. ಬಾಗಿಲಿಂದ ಬರುವವರಿಗೆ ಕಾಣುವುದು ಪರದೆಯ ಬೆನ್ನು ಮತ್ತು ನನ್ನ ಗಂಭೀರವಾದ ಮುಖ. ಒಂದು ರಾತ್ರಿ ಅವರು ಚಪ್ಪಲಿ ಬಿಟ್ಟು, ಅಮ್ಮ ತಂಗಿ ಮಲಗಿದ್ದರಿಂದ ಸದ್ದಿಲ್ಲದೆ ಒಳಗೆ ಬಂದು, ನನ್ನ ಪಕ್ಕ ನೀರಿನ ಚೊಂಬು ಇಟ್ಟು, "ಸಾಕು ಮಾರಾಯ, ಎಷ್ಟು ಓದ್ತಿ? ಕಣ್ಣು ಹಾಳಾಗ್ತದೆ" ಎಂದರು. ನಾನು ಆ ಗಳಿಗೆಯಲ್ಲಿ ವ್ಯಾಲೊರಂಟಿನಲ್ಲಿ ಯಾರನ್ನೋ ಹೊಂಚುಹಾಕಿ ಕೂತಿದ್ದೆ. "ಹೂಂ, ಐದು ನಿಮಿಷ" ಎಂದೆ. ಗಲ್ಲಾದ ಎದುರು ನಿಂತ ಗಿರಾಕಿಗಳಿಗೆಲ್ಲ ಅವರು, ಮಗ ರಾತ್ರಿ ಒಂದರವರೆಗೆ ಓದುತ್ತಾನೆ ಎಂದು ಹೇಳುತ್ತಿದ್ದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ, ಅವರ ಹೋಟೆಲಿನ ಹುಡುಗನೊಬ್ಬನ ಬಾಯಿಂದ.

2025ರ ಸೆಪ್ಟೆಂಬರಿನಲ್ಲಿ ಲ್ಯಾಪ್‌ಟಾಪಿನ ಕೀಲು ಮುರಿಯಿತು. ವಾರಂಟಿ ಮುಗಿದಿತ್ತು. ಸರ್ವಿಸ್ ಸೆಂಟರಿನವರು 9,500 ಹೇಳಿದರು. ಮತ್ತೆ ಅಪ್ಪಯ್ಯನ ಎದುರು ನಿಂತು "ಓದಿಗೆ ತೊಂದರೆ" ಎನ್ನಲು ನಾಲಿಗೆ ಏಳಲಿಲ್ಲ. ಅವರ ವಾರದ ರಜೆಯ ದಿನ, ಊಟವಾದ ಮೇಲೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಲವು ನಿಮಿಷ ಮಾತಿಲ್ಲ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ದುಡ್ಡು ಕಟ್ಟಿ ಆಡುವುದಾ?" ಅದೇ ಆಗಸ್ಟಿನಲ್ಲಿ ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಪಾರ್ಲಿಮೆಂಟಿನಲ್ಲಿ ಪಾಸಾಗಿತ್ತು, ಅವರು ಪೇಪರಿನಲ್ಲಿ ಓದಿದ್ದರು. "ಅಲ್ಲ ಅಪ್ಪಯ್ಯ, ಸುಮ್ಮನೆ ಆಟ."

"ಆಟ," ಎಂದರು. ನಮ್ಮ ಕುಂದಾಪುರದ ಕಡೆ ಆಟವೆಂದರೆ ಯಕ್ಷಗಾನ. "ನಾನು ಸಹ ಪರೀಕ್ಷೆಗೆ ಓದ್ಲಿಕ್ಕೆ ದೋಸ್ತಿಯ ಮನೆಗೆ ಹೋಗ್ತೇನೆ ಅಂತ ಹೇಳಿ ಮಂದಾರ್ತಿ ಮೇಳದ ಆಟಕ್ಕೆ ಹೋದವನೇ. ಬೆಳಿಗ್ಗೆ ಕ್ಲಾಸಲ್ಲಿ ತೂಕಡಿಸಿ ಪೆಟ್ಟು ತಿಂದವನೇ. ಆದ್ರೆ ಅದಕ್ಕೆ ಅಪ್ಪಯ್ಯನ ಹತ್ರ ಪುಸ್ತಕದ ದುಡ್ಡು ಅಂತ ಇಸ್ಕೊಳ್ಳಿಲ್ಲ ಮಾರಾಯ. ಆಟಕ್ಕೆ ಅಂತ ಹೇಳಿದ್ರೆ ನಾನು ಪೂರಾ ಬೇಡ ಅಂತಿರ್ಲಿಲ್ಲ. ಎಷ್ಟು ಕೊಡುವುದು ಅಂತ ಲೆಕ್ಕ ಹಾಕ್ತಿದ್ದೆ." ಕಡೆಯ ವಾಕ್ಯ ಗಲ್ಲಾದ ಮೇಲೆ ಇಪ್ಪತ್ತೆಂಟು ವರ್ಷ ಕೂತವರದ್ದು. ಅದನ್ನೇ ನಾನು ಈಗ ಎಲ್ಲರಿಗೂ ಹೇಳುತ್ತೇನೆ: ಓದಿಗೆಷ್ಟು, ಆಟಕ್ಕೆಷ್ಟು, ಎರಡು ಕಲಮು ಹಾಕಿ ಬರೆಯಿರಿ.

ಹಾಗೆ ಬರೆದ ಕೂಡಲೇ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಓದಿನ ಯಂತ್ರ ಹಗುರ ಇರಬೇಕು, ಬ್ಯಾಟರಿ ಬಾಳಬೇಕು. ಶಕ್ತಿ ಅಷ್ಟು ಬೇಡ. ಆಟದ ಯಂತ್ರಕ್ಕೆ ಶಕ್ತಿ ಬೇಕು, ಗಾಳಿ ಬೇಕು. ಅದು ಮನೆ ಬಿಟ್ಟು ಹೋಗಬೇಕಾಗಿಲ್ಲ. ನನ್ನ ಮುರಿದ ಕೀಲನ್ನು ಲ್ಯಾಮಿಂಗ್ಟನ್ ರೋಡಿನ ಒಬ್ಬ ಕಾರಿಗರು 1,800ಕ್ಕೆ ಕೂಡಿಸಿಕೊಟ್ಟರು. ಈಗ ಆ ಲ್ಯಾಪ್‌ಟಾಪು ಮನೆಯ ಮೇಜು ಬಿಟ್ಟು ಅಲ್ಲಾಡುವುದಿಲ್ಲ. ಹಗಲು ತಂಗಿಯ ಹನ್ನೆರಡನೆಯ ಕ್ಲಾಸಿಗೆ, ರಾತ್ರಿ ಒಂದು ಗಂಟೆ ನನ್ನ ಆಟಕ್ಕೆ, ಪರದೆ ಎಲ್ಲರಿಗೂ ಕಾಣುವ ಹಾಗೆ. ಕಾಲೇಜಿಗೆ ನಾನು ಟ್ಯೂಶನ್ ಹೇಳಿ ಕೂಡಿಸಿದ 18,000ದಲ್ಲಿ ಆಫೀಸುಗಳಿಂದ ಹೊರಬಿದ್ದ ಒಂದು ಹಳೆಯ ಲ್ಯಾಪ್‌ಟಾಪ್ ತಗೊಂಡೆ. ಈ ಲೇಖನವನ್ನು ಟೈಪ್ ಮಾಡಿದ್ದೂ ಅದರಲ್ಲೇ. ಹಳೆಯದನ್ನು ಕೊಳ್ಳುವವರು ಒಂದು ನೋಡಿಕೊಳ್ಳಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕಾದರೆ ಇಂಟೆಲಿನ 8ನೇ ತಲೆಮಾರು ಅಥವಾ ಅದರ ನಂತರದ್ದಿರಬೇಕು. ಅದಕ್ಕಿಂತ ಹಳೆಯದನ್ನು "ಎಕ್‌ದಮ್ ಫಸ್ಟ್ ಕ್ಲಾಸ್" ಎಂದು ದಾಟಿಸಲು ನೋಡುತ್ತಾರೆ. ಲಿನಕ್ಸ್ ಹಾಕಿದರೆ ಓದಿಗೆ ಬೇಕಾದಷ್ಟಾಯಿತು. ಆದರೆ ವ್ಯಾಲೊರಂಟ್ ಅಲ್ಲಿ ನಡೆಯುವುದಿಲ್ಲ. ಓದುವವನಿಗೆ ಅದೂ ಒಂದು ಅನುಕೂಲವೇ ಅನ್ನಿ.

ಎಲ್ಲರಿಗೂ ಇದೇ ಔಷಧ ಎಂದು ನಾನು ಹೇಳುತ್ತಿಲ್ಲ. ಹಾಸ್ಟೆಲಿನಲ್ಲೋ ಪೇಯಿಂಗ್ ಗೆಸ್ಟಾಗಿಯೋ ಇದ್ದು, ಅರ್ಧ ಮಂಚವೇ ಮನೆಯಾದವನಿಗೆ ಗೇಮಿಂಗ್ ಲ್ಯಾಪ್‌ಟಾಪೇ ಸರಿ. ಆರ್ಕಿಟೆಕ್ಚರ್ ಓದುವವರಿಗೆ ಕಾರ್ಡು ಓದಿನ ಕಲಮಿನಲ್ಲೇ ಬರುತ್ತದೆ, ಅವರ ರೆವಿಟ್‌ನಂಥ ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಡೆ ನಡೆಯುವುದೂ ಇಲ್ಲ. ಕನ್ನಡ ಬಿ.ಎ., ಕಾಮರ್ಸ್‌ನವರು ಕಾರ್ಡಿನ ಹೆಸರನ್ನು ಓದಿನ ಕಲಮಿನಲ್ಲಿ ಎತ್ತಿದರೆ ಮಾತ್ರ ನಾನು ನಗುತ್ತೇನೆ. ಆಟವೇ ಬೇಡ, ಹುಡುಗರು ಹಾಳಾಗುತ್ತಾರೆ ಎನ್ನುವ ಹಿರಿಯರಿಗೆ ಒಂದೇ ಮಾತು: ತಾವು ಐಪಿಎಲ್ ನೋಡುವ ಎರಡು ತಿಂಗಳು ಮನೆಯ ಟೀವಿ ಯಾರಿಗಾದರೂ ಸಿಕ್ಕಿದ್ದುಂಟೆ?

ಅದೇ 2025ರ ದೀಪಾವಳಿಗೆ ಮುಂಚೆ ನಮ್ಮ ಸಂಘದ ಮೊದಲ ವರ್ಷದ ಹುಡುಗನೊಬ್ಬ ಕ್ಯಾಂಟೀನಿನಲ್ಲಿ ನನ್ನನ್ನು ಹಿಡಿದ. ಅದೇ ಪ್ರಶ್ನೆ, ಅದೇ ತಗ್ಗಿದ ಸ್ವರ. ಅಂಗಡಿಯ ವಿಷಯ ಆಮೇಲೆ, ಮೊದಲು ಮನೆಗೆ ಹೋಗಿ ಆಟಕ್ಕೂ ಬೇಕು ಅಂತ ಹೇಳಿ ಬಾ ಎಂದು ಕಳಿಸಿದೆ. ಅವನ ತಾಯಿ ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವವರು. ಎರಡು ದಿನ ಮಾತು ಬಿಟ್ಟರಂತೆ. ಮೂರನೆಯ ದಿನ, "ನಡೀ, ನಾನೂ ಬರ್ತೀನಿ" ಎಂದರಂತೆ.

ಒಂದು ಶನಿವಾರ ಮೂವರೂ ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಅದಕ್ಕೆ ಡಾ. ಭಡಕಮಕರ್ ಮಾರ್ಗ ಎಂದು ಹೆಸರಿಟ್ಟಿದ್ದಾರೆ. ಆದರೂ ಜನ ಕರೆಯುವುದು ಹಳೆಯ ಹೆಸರಿನಿಂದಲೇ. (ಚೆನ್ನೈಯ ಮಿತ್ರರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ನೆಹರೂ ಪ್ಲೇಸ್ ಇದ್ದ ಹಾಗೆ.) ಅವರ ಹತ್ತಿರ ಇದ್ದ ದುಡ್ಡಿಗೆ ಕಾರ್ಡು ಬರುವಂತಿರಲಿಲ್ಲ. ಆದ್ದರಿಂದ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್, ರೈಜನ್ 5 5600ಜಿ ಹಾಕಿಸಿದೆ. ಅದರಲ್ಲಿ ವ್ಯಾಲೊರಂಟಿನಂಥ ಹಗುರ ಆಟ ಆರಾಮವಾಗಿ ನಡೆಯುತ್ತದೆ. ಇಂಥ ಪ್ರೊಸೆಸರು ಚಿತ್ರ ಬಿಡಿಸಲು ಯಂತ್ರದ ಮೆಮೊರಿಯನ್ನೇ ಎರವಲು ಪಡೆಯುವುದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿ ಒಳ್ಳೆಯದು. ಎರಡು ದಾರಿಯಲ್ಲಿ ಮಾಲು ಬರುತ್ತದೆ. ಅಂಗಡಿಯವರು ಒಂದನ್ನೇ ಕೊಡಲು ನೋಡಿದರು, ಬಿಡಲಿಲ್ಲ. 500 ಜಿಬಿ ಎಸ್‌ಎಸ್‌ಡಿ ಹಾಕಿಸಿದೆವು. ದೊಡ್ಡ ಆಟಗಳಿಗೆ ಅದು ಏನೂ ಅಲ್ಲ, ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ. ಅದಕ್ಕೆ ಮುಂದೆ ಇನ್ನೊಂದು ಹಾಕಬಹುದು. ಪವರ್ ಸಪ್ಲೈಯಲ್ಲಿ ಮಾತ್ರ ಚೌಕಾಶಿ ಬೇಡ ಎಂದೆ. ನಾಳೆ ಕಾರ್ಡು ಬಂದರೆ ಅದನ್ನು ಹೊರಬೇಕಾದದ್ದು ಅದೇ. ಕೆಟ್ಟದ್ದಾದರೆ ಉಳಿದವನ್ನೂ ಜತೆಗೆ ಕರೆದುಕೊಂಡು ಹೋಗುತ್ತದೆ. ಕಾಲೇಜಿಗೆ? ಲ್ಯಾಬ್ ಇದೆ, ನೋಟುಬುಕ್ಕಿದೆ, ಮೊದಲ ವರ್ಷಕ್ಕೆ ಸಾಕು. ಆ ವರ್ಷದ ಕೊನೆಗೆ ಎಐ ಕಂಪನಿಗಳ ಹಸಿವಿಗೆ ಸಿಕ್ಕಿ ಮೆಮೊರಿಯ ಬೆಲೆ ವಿಪರೀತ ಏರಿತು. ನಾವು ಬಚಾವಾದದ್ದು ಬುದ್ಧಿಯಿಂದಲ್ಲ, ದೀಪಾವಳಿಯಿಂದ.

ಬಿಲ್ಲು ಮಾಡುವ ಹೊತ್ತಿಗೆ ಹುಡುಗ ನನ್ನ ಬೆನ್ನ ಹಿಂದೆ ನಿಂತಿದ್ದ. ಅವನ ತಾಯಿ ಸೆರಗಿನ ಗಂಟಿನಿಂದ ನೋಟು ತೆಗೆದು ಎರಡು ಸಲ ಎಣಿಸಿ, ಕೊಡುವ ಮುಂಚೆ ಕೈ ತಡೆದು, ತಮ್ಮ ಮುಂಬಯಿ ಹಿಂದಿಯಲ್ಲಿ ಅಂಗಡಿಯವನನ್ನು ಕೇಳಿದರು: "ಭಯ್ಯಾ, ಇಸ್ ಪೇ ಗೇಮ್ ಠೀಕ್ ಸೇ ಚಲೇಗಾ ನಾ?"

ಅಲ್ಲಿಯವರೆಗೆ ಕ್ಯಾಲ್ಕುಲೇಟರಿನಿಂದ ಕಣ್ಣೆತ್ತದಿದ್ದ ಅಂಗಡಿಯವನು ತಲೆಯೆತ್ತಿ ಅವರನ್ನು ನೋಡಿದ.