ಮುಖ್ಯೋಪಾಧ್ಯಾಯಿನಿಯ ಕುರ್ಚಿ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಗಲ್ಫಿನಲ್ಲಿ ದುಡಿದು ಬಂದವರು ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿನ ಚಿನ್ನದ ಬೆಲೆ ನಮಗೆ ಗೊತ್ತು, ಹುಡುಗಿಯರ ಶಾಲೆಯ ಕಥೆ ಗೊತ್ತಿಲ್ಲ.

ಸೌದಿ ಅರೇಬಿಯಾದಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಶಾಲೆ ಆರಂಭವಾದದ್ದು 1960ರಲ್ಲಿ. ಅದಕ್ಕೂ ಮೊದಲೇ, 1955ರಲ್ಲಿ, ಮುಂದೆ ದೊರೆಯಾದ ಫೈಸಲರ ಪತ್ನಿ ಇಫ್ಫತ್ ಜಿದ್ದಾದಲ್ಲಿ 'ದಾರ್ ಅಲ್ ಹನಾನ್' ಶಾಲೆ ತೆರೆದಿದ್ದರು. ಗಂಡಸರು ಕಾಲಿಡದ ಶಾಲೆಗೆ ಮುಖ್ಯಸ್ಥೆಯೂ ಹೆಂಗಸೇ ಆಗಬೇಕಲ್ಲ! ಹೊರಬಾಗಿಲು ಮುಚ್ಚಿದ ಪದ್ಧತಿಯೇ ಒಳಗೆ ಕುರ್ಚಿ ಕೊಟ್ಟಿತು. ಆದರೆ ಮೇಲಿನ ಇಲಾಖೆ ಧರ್ಮಪಂಡಿತರ ಕೈಯಲ್ಲಿತ್ತು. 2002ರಲ್ಲಿ ಮೆಕ್ಕಾದ ಶಾಲೆಯೊಂದಕ್ಕೆ ಬೆಂಕಿ ಬಿದ್ದು 15 ಹುಡುಗಿಯರು ಸತ್ತ ಮೇಲಷ್ಟೇ ಅದು ಶಿಕ್ಷಣ ಸಚಿವಾಲಯಕ್ಕೆ ಸೇರಿತು. 2009ರಲ್ಲಿ, ಹಿಂದೆ ಶಿಕ್ಷಕಿಯಾಗಿದ್ದ ನೂರಾ ಅಲ್ ಫಾಯಿಜ್ ಉಪಸಚಿವೆಯಾದರು. ಆ ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ.

ನಗಬೇಡಿ. ನಮ್ಮ ಮಗ್ಗುಲಲ್ಲೇ, 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಕಲಿತು, ಅಲ್ಲಿನ ಮುಸ್ಲಿಂ ಹುಡುಗಿಯರಲ್ಲಿ ಹೈಸ್ಕೂಲು ಮುಗಿಸಿದ ಮೊದಲಿಗರೆನಿಸಿದರು. ಆಸೆಯಿದ್ದರೂ ಆಗ ಕಾಲೇಜು ಮೆಟ್ಟಲಾಗಲಿಲ್ಲ. ಮುಂದೆ ದೊಡ್ಡ ಲೇಖಕಿಯಾದರು, ಸರಿ. ಓದಲು ಬಿಟ್ಟಿದ್ದರೆ ಯಾವ ಕಾಲೇಜಿಗೆ ಪ್ರಾಂಶುಪಾಲರಾಗುತ್ತಿದ್ದರೋ!

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಈಗಲೂ ತಂದೆಯೊಬ್ಬರು ಕೇಳುವುದುಂಟು: "ಪಿಯುಸಿಗೆಂದು ಹುಡುಗಿಯನ್ನು ಅಷ್ಟು ದೂರ ಕಳಿಸುವುದು ಹೇಗೆ ಮಾಷ್ಟ್ರೇ?" ಹೀಗೆ ಕೇಳುವವರು ಯಾವುದೋ ಒಂದೇ ಜಾತಿಯವರಲ್ಲ. ನಾನು ಹೇಳುವುದಿಷ್ಟೆ: ಪಿಯುಸಿಯ ಅರ್ಜಿ ತನ್ನಿ, ಈಗಲೇ ಕೂತು ಭರ್ತಿ ಮಾಡೋಣ.