ಚಿಲ್ಲರೆ ವಿಷಯವಲ್ಲ ಸ್ವಾಮಿ!

ಕಳೆದ ಸೋಮವಾರ ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ ಸಾಲಿನಲ್ಲಿ ಕಣ್ಣಾರೆ ಕಂಡಿದ್ದು. ಹಳ್ಳಿಯ ಮುದುಕರೊಬ್ಬರು ಸೋಪು, ಬೆಂಕಿಪೊಟ್ಟಣ, ಕಾಫಿಪುಡಿ ಕೊಂಡರು. ಲೆಕ್ಕ 47 ರೂಪಾಯಿ. 50ರ ನೋಟು ಕೊಟ್ಟರು. ಅಂಗಡಿಯವರು ಡಬ್ಬಿಗೆ ಕೈ ಹಾಕಿ ಮೂರು ಪೆಪ್ಪರಮಿಂಟು ಮುಂದಿಟ್ಟರು.

"ನಂಗೆ ಹಲ್ಲೇ ಇಲ್ಲ ಕಣಪ್ಪ, ಇದ್ನ ತಗೊಂಡು ಏನ್ ಮಾಡ್ಲಿ? ಕಾಸು ಕೊಡು."

"ಚಿಲ್ಲರೆ ಇಲ್ಲ ತಾತ. ಮನೇಲಿ ಮೊಮ್ಮಕ್ಕಳಿಗೆ ಕೊಡಿ."

"ನಾಳೆ ಇದ್ನೇ ತಂದ್ರೆ ಬೆಂಕಿಪೊಟ್ಟಣ ಕೊಡ್ತೀಯಾ?"

ಅಂಗಡಿಯವರು ಆಗಲೇ ಬೇರೆ ಗಿರಾಕಿ ಕಡೆ ತಿರುಗಿದ್ದರು. ಮುದುಕರ ಊರಿಗೆ ಬಸ್ ಚಾರ್ಜು 15 ರೂಪಾಯಿ. ಜೇಬಿನಲ್ಲಿ ಉಳಿದಿದ್ದು 12. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನೊಬ್ಬ 3 ರೂಪಾಯಿ ಕೊಟ್ಟ. ಮುದುಕರು ಸುಮ್ಮನೆ ಇಸ್ಕೊಳ್ಳಲಿಲ್ಲ. ಆ ಮೂರು ಪೆಪ್ಪರಮಿಂಟನ್ನು ಅವನ ಕೈಗಿಟ್ಟು ಬಸ್ ಹತ್ತಿದರು.

ಪೆಪ್ಪರಮಿಂಟು ಕೊಡುವುದು ಉಪಕಾರವೇನಲ್ಲ, ಅದೂ ಒಂದು ವ್ಯಾಪಾರವೇ. ಒಂದು ರೂಪಾಯಿಗೆ ಮಾರುವ ಮಿಠಾಯಿ ಅಂಗಡಿಯವರಿಗೆ ಒಂದು ರೂಪಾಯಿಗಿಂತ ಕಡಿಮೆಗೇ ಬಿದ್ದಿರುತ್ತದೆ. ಅಂದರೆ ಗಿರಾಕಿ ಕೇಳದ ಸರಕನ್ನು ಅವನ ತಲೆಗೆ ಕಟ್ಟಿ, ಅದರಲ್ಲೂ ನಾಲ್ಕು ಕಾಸು ಲಾಭ ನೋಡಿದಂತಾಯಿತು. ಉಳಿದ 3 ರೂಪಾಯಿ ಗಿರಾಕಿಯ ದುಡ್ಡು. ಅದಕ್ಕೆ ಏನು ಕೊಳ್ಳಬೇಕು ಎಂದು ತೀರ್ಮಾನಿಸುವವರು ಅಂಗಡಿಯವರಲ್ಲ.

ಹಾಗಂತ ವ್ಯಾಪಾರಸ್ಥರನ್ನೇ ಬೈದು ಕೂತರೆ ನ್ಯಾಯವಾಗದು. ಮೊಬೈಲಿನಲ್ಲಿ ದುಡ್ಡು ಕಳಿಸುವುದು ಬಂದ ಮೇಲೆ ಗಲ್ಲಾ ಪೆಟ್ಟಿಗೆಗೆ ನಾಣ್ಯ ಬರುವುದೇ ಕಡಿಮೆಯಾಯಿತು. 2025ರ ಜುಲೈನಲ್ಲಿ ಆ ಲೆಕ್ಕ ಹಿಡಿದೇ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನ್ ಬೋರ್ಡು ಇಳಿದು 'ನಗದು ಮಾತ್ರ' ಎಂಬ ಚೀಟಿ ಏರಿತು. ನಗದು ಕೇಳುವುದಾದರೆ ಚಿಲ್ಲರೆಯೂ ಇಟ್ಟಿರಬೇಕಲ್ಲ? ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದಂತೆ 500ರ ನೋಟು ಹಿಡಿದು ಒಂದು ಪ್ಯಾಕೆಟ್ ಹಾಲು ಕೇಳುವ ಮಹಾನುಭಾವರೂ ಇದ್ದಾರೆ. ಅವರಲ್ಲಿ ನಾವೂ ಒಬ್ಬರು, ಒಪ್ಪಿಕೊಳ್ಳುತ್ತೇವೆ.

ವಿಚಿತ್ರವೇನೆಂದರೆ, ಚಿಲ್ಲರೆ ಇಲ್ಲ ಎಂದು ಗೋಳಾಡುವ ಇದೇ ಪೇಟೆಯಲ್ಲಿ 10 ರೂಪಾಯಿ ನಾಣ್ಯ ಕೊಟ್ಟರೆ "ಇದು ನಡೆಯಲ್ಲ" ಎನ್ನುತ್ತಾರೆ! ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ, ರೂಪಾಯಿ ಚಿಹ್ನೆ ಇಲ್ಲದಿದ್ದರೆ ಖೋಟಾ, ಇಂಥ ಪುಕಾರು ಯಾರು ಹಬ್ಬಿಸಿದರೋ! 10 ರೂಪಾಯಿ ನಾಣ್ಯ ಆವರೆಗೆ 14 ನಮೂನೆಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯವೇ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಪ್ರಕಟಣೆ ಕೊಟ್ಟಿದೆ. ರೂಪಾಯಿ ಚಿಹ್ನೆ ಬಂದಿದ್ದೇ 2010ರಲ್ಲಿ. ಅದಕ್ಕೂ ಮುಂಚಿನ ನಾಣ್ಯದ ಮೇಲೆ ಅದು ಎಲ್ಲಿಂದ ಬರಬೇಕು? 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು 1,000 ರೂಪಾಯಿವರೆಗಿನ ಪಾವತಿಗೆ ಊರ್ಜಿತ. 50 ಪೈಸೆ ಕೂಡ ಸತ್ತಿಲ್ಲ. 2011ರ ಜೂನ್ 30ಕ್ಕೆ ನಿಂತಿದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು ಮಾತ್ರ.

ಅಂಗಡಿಯವರನ್ನು ಕೇಳಿದರೆ ಬರುವ ಉತ್ತರ ಒಂದೇ: "ನಾವೇನೋ ತಗೋತೀವಿ ಸಾರ್, ಬ್ಯಾಂಕಿನೋರು ತಗೊಳ್ಳಲ್ವಲ್ಲ!" ರೋಗದ ಬೇರು ಇರುವುದು ಇಲ್ಲಿ. ನಾಣ್ಯದ ಚೀಲ ಹೊತ್ತುಕೊಂಡು ಹೋದರೆ "ಎಣಿಸೋಕೆ ಜನ ಇಲ್ಲ, ಇನ್ನೊಂದಿನ ಬನ್ನಿ" ಎಂಬ ಮಾತು ಈ ಊರಿನ ಎಷ್ಟು ವರ್ತಕರು ಕೇಳಿಲ್ಲ? ಎಲ್ಲ ಶಾಖೆಗಳೂ ನಾಣ್ಯ ಪಡೆಯಬೇಕು, ಬದಲಾಯಿಸಿಯೂ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ಆದೇಶ. ಸಾಲದ ಜಾಹೀರಾತನ್ನು ಗೋಡೆ ತುಂಬ ಹಚ್ಚುವ ಬ್ಯಾಂಕುಗಳು ಈ ಆದೇಶವನ್ನು ಒಂದು ಕಾಗದದಲ್ಲಿ ಬರೆದು ಕೌಂಟರಿಗೆ ಅಂಟಿಸಲಿ ನೋಡೋಣ.

ಇನ್ನು ಬಸ್ಸು. ಟಿಕೆಟ್ ಹಿಂದೆ ಬಾಕಿ ಬರೆದುಕೊಡುವ ಪದ್ಧತಿ ಎಲ್ಲರಿಗೂ ಗೊತ್ತು. ನಿಲ್ದಾಣ ಬಂದಾಗ ನೂಕುನುಗ್ಗಲು, ಕಂಡಕ್ಟರ್ ಹಿಂದಿನ ಬಾಗಿಲಲ್ಲಿ, ನಾವು ಮುಂದಿನ ಬಾಗಿಲಲ್ಲಿ. ಇಳಿದ ಮೇಲೆ ಜೇಬಿನಲ್ಲಿ ಉಳಿಯುವುದು ಆ ಕಾಗದ ಮಾತ್ರ. ಕಂಡಕ್ಟರ್ ಬೇಕೆಂದೇ ಮಾಡುತ್ತಾರೆ ಎಂದು ನಾವು ಹೇಳುವುದಿಲ್ಲ. ಮೊದಲ ಟ್ರಿಪ್ಪಿಗೇ ಹತ್ತು ಜನ 200ರ ನೋಟು ಚಾಚಿದರೆ ಅವರಾದರೂ ಏನು ಮಾಡಬೇಕು? ಆದರೆ ಆ ಟಿಕೆಟ್ ತೋರಿಸಿ ಬಾಕಿ ಪಡೆಯಲು ಸ್ಟ್ಯಾಂಡಿನಲ್ಲಿ ಒಂದು ಕಿಟಕಿ ಇಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರು ವರ್ತಕರ ಸಂಘದವರನ್ನೂ ಬಸ್ ಡಿಪೋದವರನ್ನೂ ಒಂದು ದಿನ ಕರೆಸಿ ಕೂರಿಸಲಿ. ಸಂತೆಯ ಹಿಂದಿನ ದಿನ ಪೇಟೆಯ ಒಂದು ಶಾಖೆಯಲ್ಲಾದರೂ ನಾಣ್ಯದ ಕೌಂಟರ್ ತೆರೆಯಲಿ. ಹೆಚ್ಚಾದವರು ತಂದು ಹಾಕುತ್ತಾರೆ, ಬೇಕಾದವರು ಒಯ್ಯುತ್ತಾರೆ. ಅಲ್ಲಿಯವರೆಗೆ ಅಂಗಡಿಯವರು 3 ರೂಪಾಯಿಯನ್ನು ಗಿರಾಕಿಯ ಹೆಸರಿನಲ್ಲಿ ಚೀಟಿ ಬರೆದಾದರೂ ಕೊಡಲಿ. ಆ ಮುದುಕರು ಮುಂದಿನ ಸೋಮವಾರ ಮತ್ತೆ ಪೇಟೆಗೆ ಬರುತ್ತಾರೆ.